ನಾಲ್ಕು ಕಿಲೋ ಹೆಚ್ಚು

ಕಾಸರಗೋಡು ಜಿಲ್ಲೆಯ ಸ್ಕ್ಯಾನಿಂಗ್ ಕೋಣೆಗಳಲ್ಲಿ ದುಡಿದವರು ಹಲವರಿರಬಹುದು. ಒಂದು ಹನಿ ಮದ್ದಿನ ಅಳತೆಗಾಗಿ ಹಿರಿಯ ಡಾಕ್ಟರರನ್ನೂ ಬಾಗಿಲಲ್ಲೇ ಕಾಯಿಸಿದವರು ಶ್ರೀಮತಿ ಲೋಲಾಕ್ಷಿಯವರೊಬ್ಬರೇ. 2001ರಲ್ಲಿ ಕುಂಬಳೆಯ ನಮ್ಮ ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ ಸೇರಿದ ಅವರು, ಎಂಆರ್‌ಐ ಯಂತ್ರ ಬಂದ ಮೇಲೆ ಸ್ತನದ ಸ್ಕ್ಯಾನಿಂಗಿನ ಹೊಣೆ ಹೊತ್ತರು. ಗಡ್ಡೆ ಚಿತ್ರದಲ್ಲಿ ಬೆಳಗಿ ಕಾಣಲೆಂದು ನರಕ್ಕೆ ಕೊಡುವ ಕಾಂಟ್ರಾಸ್ಟ್ ಮದ್ದನ್ನು ಮೈತೂಕ ನೋಡಿ ಅಳೆಯಬೇಕು. ತೂಕವನ್ನು ಬಾಯಿಮಾತಿನಲ್ಲಿ ಕೇಳಿ ಬರೆದುಕೊಂಡವರಿಗೆ ಅವರಿಂದ ಚೆನ್ನಾಗಿ ಮಂಗಳಾರತಿಯಾಗುತ್ತಿತ್ತು.

2014ರ ಒಂದು ಮಧ್ಯಾಹ್ನ ನಬೀಸುಮ್ಮ ಎಂಬವರು ಒಬ್ಬರೇ ಬಂದರು. ಅವರ ತಂಗಿ ಝುಹ್ರಾ ಎದೆಯ ಗಡ್ಡೆಯಿಂದ ತೀರಿಕೊಂಡು ನಲವತ್ತು ದಿನವೂ ಆಗಿರಲಿಲ್ಲ. ಈಗ ಅಕ್ಕನಿಗೂ ಗಡ್ಡೆ. ಡಾಕ್ಟರರ ಚೀಟಿಯಲ್ಲಿ ಮೂರು ದಿನದ ಹಿಂದಿನ ತೂಕ ಐವತ್ತೊಂದು ಕಿಲೋ ಎಂದಿತ್ತು. ಸಹಾಯಕಿ ನಿಶ್ಮಿತಾ ಅದಕ್ಕೆ ಸರಿಯಾಗಿ ಮದ್ದನ್ನು ಸಿರಿಂಜಿಗೆ ಎಳೆದಿಟ್ಟೂ ಆಗಿತ್ತು. ಲೋಲಾಕ್ಷಿಯವರು ಮಾತ್ರ ಎಂದಿನಂತೆ ತೂಕದ ಯಂತ್ರ ಹತ್ತಿಸಿದರು. ಐವತ್ತೈದು.

ತಾವೇ ಹತ್ತಿ ನೋಡಿದರು, ನಿಶ್ಮಿತಾಳನ್ನು ಹತ್ತಿಸಿದರು, ಇಬ್ಬರದೂ ಸರಿಯಿತ್ತು. ವಾರ್ಡಿನಿಂದ ಬೇರೆ ಯಂತ್ರ ತರಿಸಿದರು. ಮತ್ತೆ ಐವತ್ತೈದು.

“ಯಂತ್ರಕ್ಕೆ ಬೈಬೇಡಿ ಸಿಸ್ಟರೇ,” ಎಂದರು ನಬೀಸುಮ್ಮ, ಬಹಳ ಸಮಾಧಾನದಿಂದ. “ಝುಹ್ರಾ ನನ್ನೊಟ್ಟಿಗೇ ಇದ್ದಾಳೆ. ಬಂದು ಮೂರು ದಿನ ಆಯ್ತು. ಮಲಗಿದ್ರೆ ಎದೆ ಮೇಲೆ ಕೂತ್ಕೊಳ್ತಾಳೆ, ಉಸಿರು ತೆಗೀಲಿಕ್ಕೆ ಬಿಡುದಿಲ್ಲ.”

ನಿಶ್ಮಿತಾ ಗೋಡೆಗೆ ಒರಗಿದಳು. ಲೋಲಾಕ್ಷಿಯವರೂ ನಬೀಸುಮ್ಮನ ಬೆನ್ನ ಹಿಂದೆ ಒಮ್ಮೆ ನೋಡಿಯೇಬಿಟ್ಟರು. ಖಾಲಿ ಗೋಡೆಯಿತ್ತು. ಬಳಿಕ ಬಗ್ಗಿ, ನಬೀಸುಮ್ಮನ ಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬಿದ್ದ ಗುಳಿ ಮೇಲೇಳಲಿಲ್ಲ.

“ಮದ್ದು ಆಚೆ ಇಡು ಮಾರಾಯ್ತಿ. ಇದು ಮೈಗೆ ತುಂಬಿದ ನೀರು,” ಎಂದರು ನಿಶ್ಮಿತಾಳಿಗೆ.

ಕಿಡ್ನಿ ಸೋತು ನೀರು ತುಂಬಿದ ಮೈಯಿಂದ ಆ ಮದ್ದು ಸುಲಭವಾಗಿ ಹೊರಬರುವುದಿಲ್ಲ; ಒಳಗೇ ಉಳಿದು ಜೀವಕ್ಕೆ ಕುತ್ತಾಗಲೂಬಹುದು. ಸ್ಕ್ಯಾನಿಂಗ್ ನಿಂತಿತು. ಸಂಜೆ ಬಂದ ರಕ್ತಪರೀಕ್ಷೆ ಅವರ ಹೆಬ್ಬೆರಳು ಹೇಳಿದ್ದನ್ನೇ ಹೇಳಿತು.

ಚಿಕಿತ್ಸೆಯಾಗಿ ಕಿಡ್ನಿ ಚೇತರಿಸಿಕೊಂಡ ಮೇಲೆ ನಬೀಸುಮ್ಮ ಮತ್ತೆ ಯಂತ್ರ ಹತ್ತಿದರು. ಐವತ್ತೊಂದು. ಲೋಲಾಕ್ಷಿಯವರಿಗೆ ಹಿಗ್ಗೋ ಹಿಗ್ಗು. ನಬೀಸುಮ್ಮ ಹಿಂದಕ್ಕೆ ತಿರುಗಿ ನೋಡಿ, “ಅವಳು ಹೋದಳಾ?” ಎಂದು ಕೇಳಿ ಅಳತೊಡಗಿದರು. ಲೋಲಾಕ್ಷಿಯವರು ಅವರ ಕೈಹಿಡಿದು ನಿಂತರು. ಅಂದು ಅಳೆದು ಕೊಟ್ಟ ಮದ್ದಿನಲ್ಲಿ ಗಡ್ಡೆ ಸಣ್ಣದಿರುವಾಗಲೇ ಸ್ಪಷ್ಟವಾಗಿ ಕಂಡಿತು, ಚಿಕಿತ್ಸೆಯೂ ಫಲಿಸಿತು. ನಬೀಸುಮ್ಮ ಇಂದಿಗೂ ಹಬ್ಬಕ್ಕೆ ನಮಗೆಲ್ಲ ಅಕ್ಕಿಯ ಪತ್ತಿರಿ ರೊಟ್ಟಿ ಕಳುಹಿಸುತ್ತಾರೆ.

ಅಂದಿನಿಂದ, ತೂಗುವಾಗಲೆಲ್ಲ ರೋಗಿಯ ಬೆನ್ನ ಹಿಂದೆ ಒಮ್ಮೆ ನೋಡುವುದು ಲೋಲಾಕ್ಷಿಯವರ ರೂಢಿಯಾಯಿತು. ನಾವು ಕಿರಿಯರು ಅದನ್ನು ಅಣಕಿಸಿ ನಗುತ್ತಿದ್ದೆವು. 2019ರ ಮೇ ತಿಂಗಳಲ್ಲಿ ಅವರು ನಿವೃತ್ತರಾದ ದಿನ, ನಿಶ್ಮಿತಾ ತಮಾಷೆಗೆಂದು ಅವರನ್ನೇ ಯಂತ್ರ ಹತ್ತಿಸಿದಳು. ಅಂಕಿ ಓದುವ ಮೊದಲು ನಾವೆಲ್ಲರೂ ಅವರ ಬೆನ್ನ ಹಿಂದೆ ನೋಡಿದೆವು. ಯಾರೂ ನಗಲಿಲ್ಲ.

“ನೀವು ಬರ್ತಾ ಇರಿ ಅಕ್ಕ,” ಎಂದಳು ನಿಶ್ಮಿತಾ. “ಇಲ್ಲಿ ಒಬ್ಬಳೇ ತೂಗ್ಲಿಕ್ಕೆ ನಂಗೆ ಹೆದ್ರಿಕೆ ಆಗ್ತದೆ.”

ನೂರು ತುಂಬುವವರೆಗೂ ಆ ಕೋಣೆಗೆ ಅವರು ಬರುತ್ತಿರಲಿ, ಹೊಸಬರ ಅಳತೆ ತಿದ್ದುತ್ತಿರಲಿ ಎಂಬುದೇ ನಮ್ಮೆಲ್ಲರ ಹಾರೈಕೆ.