ಕೈಗುಣದಕ್ಕ ಉಜ್ಜುವುದನ್ನು ಬಿಟ್ಟದ್ದು

ನಮ್ಮ ವಾರ್ಡಿನಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕೈಗುಣದಕ್ಕ ಅಂದರೆ ಸಾಕು, ಗೇಟಿನ ವಾಚ್‌ಮನ್‌ಗೂ ಗೊತ್ತು. ಇಪ್ಪತ್ತೆಂಟು ವರ್ಷದಿಂದ ನರ್ಸು. ಹಾಸಿಗೆ ಹಿಡಿದವರ ಬೆನ್ನೋ ಹಿಮ್ಮಡಿಯೋ ಕೆಂಪಗಾದರೆ ಎಣ್ಣೆ ಬಟ್ಟಲು ಹಿಡಿದು ಹಾಜರು. ಅವಳು ಗಸಗಸ ಉಜ್ಜಿದರೆ ನರಳುತ್ತಿದ್ದವರು ಗೊರಕೆ ಹೊಡೆಯುತ್ತಿದ್ದರು. ನನಗೆ ಉಜ್ಜುವುದನ್ನು ಕಲಿಸಿದವಳೂ ಅವಳೇ. ತಪ್ಪಿದರೆ ಮೊಣಕೈಗೆ ಒಂದು ಪೆಟ್ಟು ಬೇರೆ.

ಅಂಥವಳಿಗೆ ಉಜ್ಜಬೇಡ ಅಂತ ಹೇಳುವ ಕರ್ಮ ನನ್ನ ತಲೆಗೇ ಬರಬೇಕೇ! ಸಂಶೋಧನೆಯಲ್ಲಿ ಕಂಡುಕೊಂಡದ್ದನ್ನು ನರ್ಸುಗಳು ದಿನದ ಕೆಲಸದಲ್ಲಿ ಬಳಸುವಂತೆ ಮಾಡು, ಅದೇ ನಿನ್ನ ಹೊಸ ಕೆಲಸ ಎಂದು ಮೇಲಿನವರು ನನಗೊಂದು ಫೈಲು ಕೊಟ್ಟು ಕೈತೊಳೆದುಕೊಂಡರು. ಮೊದಲ ಹಾಳೆಯಲ್ಲೇ ಇತ್ತು: ಕೆಂಪಾದ ಚರ್ಮವನ್ನು ಉಜ್ಜಬಾರದು, ಒಳಗಿನ ಮಾಂಸ ಇನ್ನಷ್ಟು ಹಾಳಾಗಬಹುದು, ಅಲ್ಲಿ ಭಾರ ಬೀಳದಂತೆ ನೋಡಿಕೊಳ್ಳಿ. ಮೂರು ಸಲ ಓದಿದೆ. ಹಾಳೆ ಸುಳ್ಳೋ, ನಾನು ಕಣ್ಣಾರೆ ಕಂಡ ಆ ಗೊರಕೆ ಸುಳ್ಳೋ? ತಲೆ ಮೊಸರು ಗಡಿಗೆಯಾಯಿತು.

ಹೇಳಿದೆ. ಅವಳು ಕೆಕ್ಕರಿಸಿ ನೋಡಿದಳು. "ಮೊನ್ನೆ ಮೊನ್ನೆ ಬಂದೋಳು, ನಂಗೇ ಪಾಠ ಹೇಳ್ತೀಯಾ? ಅದನ್ನ ಬರೆದೋರು ಯಾವತ್ತಾದ್ರೂ ಒಬ್ಬರ ಬೆನ್ನು ತೊಳೆದಿದಾರೇನೆ?"

ನನಗೂ ರೇಗಿತು. "ಸರಿ, ಆರನೇ ಬೆಡ್ಡಿನ ಅಜ್ಜಿ ಹಿಮ್ಮಡಿ ಇವತ್ತು ಕೆಂಪಾಗಿದೆ. ನಾಲ್ಕು ದಿನ ಉಜ್ಜಬೇಡ. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಇಡೋಣ. ಜಾಸ್ತಿ ಆದ್ರೆ ಈ ಫೈಲು ಒಲೆಗೆ ಹಾಕು."

ಸೊಂಟ ಮುರಿದ ಆ ಅಜ್ಜಿ "ನನ್ನ ಮೇಲೇನು ಕೋಪಾನೇ ತಾಯಿ, ಸ್ವಲ್ಪ ಉಜ್ಜೇ" ಎಂದು ಗೋಗರೆಯುತ್ತಿದ್ದರೆ, ಅಕ್ಕ ಕೈಕಟ್ಟಿ ನಿಂತು ನನ್ನನ್ನು ನುಂಗುವಂತೆ ನೋಡುತ್ತಿದ್ದಳು. ಎರಡನೆಯ ದಿನ ತಡೆಯಲಾರದೆ ಬಟ್ಟಲನ್ನು ನಾನೇ ಎತ್ತಿಕೊಂಡೆ, ಮತ್ತೆ ಇಟ್ಟೆ. ಫೈಲು ಹೊತ್ತವಳ ಹಣೆಬರಹ ನೋಡಿ!

ನಾಲ್ಕನೆಯ ಬೆಳಿಗ್ಗೆ ಇಬ್ಬರೂ ಬಗ್ಗಿ ನೋಡಿದೆವು. ಕೆಂಪು ಇರಲಿಲ್ಲ.

ಗೆದ್ದೆ ಎಂದು ನಾನು ಅವಳ ಬೆನ್ನಿಗೊಂದು ಗುದ್ದು ಕೊಟ್ಟೆ. ಅವಳು ನಗಲಿಲ್ಲ. ನನ್ನ ಕೈ ಹಿಡಿದು ಹೊದಿಕೆಗಳನ್ನಿಡುವ ಕೋಣೆಗೆ ಎಳೆದುಕೊಂಡು ಹೋದಳು.

"ನಮ್ಮತ್ತೆ ಎಂಟು ತಿಂಗಳು ಮಲಗಿದಲ್ಲೇ ಇದ್ರಲ್ಲ," ಎಂದಳು. "ಕೊನೆಗೆ ಬೆನ್ನು ಹುಣ್ಣಾಗಿ ಮೂಳೆ ಕಾಣ್ತಿತ್ತು. ಮೊದಲು ಬರೀ ಕೆಂಪಿತ್ತು ಕಣೆ. ಬೆಳಿಗ್ಗೆ, ಸಾಯಂಕಾಲ, ಒಂದಿನಾನೂ ತಪ್ಪಿಸದೆ ಉಜ್ಜಿದೆ. ಸಾಯೋ ಮುಂಚೆ ಈ ಕೈನ ಕಣ್ಣಿಗೊತ್ಕೊಂಡ್ರು. ಹೇಳು, ಆ ಹುಣ್ಣು ನಾನೇ ಮಾಡಿದ್ದಾ?"

ಫೈಲು ತಿರುವಿದೆ. ದೇವರಾಣೆ, ಅಲ್ಲೇ ನಿಂತು ಕೊನೆಯ ಹಾಳೆಯವರೆಗೂ ತಿರುವಿದೆ. ಅದರಲ್ಲಿ ನೂರಾರು ರೋಗಿಗಳಿದ್ದರು. ಇವಳ ಅತ್ತೆ ಇರಲಿಲ್ಲ. ಹೌದು ಅಂದರೂ ಸುಳ್ಳಾದೀತು, ಇಲ್ಲ ಅಂದರೂ ಸುಳ್ಳಾದೀತು. ಅಯ್ಯೋ, ಯಾಕಾದರೂ ಗೆದ್ದೆನೋ ಅನ್ನಿಸಿತು.

"ಗೊತ್ತಿಲ್ಲ ಅಕ್ಕ," ಅಂದೆ. "ನಂಗೆ ನಿಜವಾಗ್ಲೂ ಗೊತ್ತಿಲ್ಲ."

ಅವಳು ಹೊರಗೆ ಹೋಗಿ ಎಣ್ಣೆ ಬಟ್ಟಲನ್ನು ಸೋಪು ಹಾಕಿ ತೊಳೆದು ಕಪಾಟಿನಲ್ಲಿ ಬೋರಲಿಟ್ಟಳು. ಮಧ್ಯಾಹ್ನ ಹೊಸದಾಗಿ ಸೇರಿದ ನರ್ಸೊಬ್ಬಳು ರೋಗಿಯ ಕೆಂಪಾದ ಬೆನ್ನಿಗೆ ಕೈ ಹಾಕಿದಾಗ, ಅಕ್ಕ ಅವಳ ಮೊಣಕೈಗೆ ಪಟ್ಟನೆ ಒಂದು ಪೆಟ್ಟು ಕೊಟ್ಟಳು.

"ಉಜ್ಜಬೇಡ ಕಣೇ. ಮಗ್ಗುಲಿಗೆ ತಿರುಗಿಸು ಅವರನ್ನ."

"ಯಾಕಕ್ಕಾ? ಕಲಿಸಿದ್ದು ನೀವೇ ಅಲ್ವಾ?"

"ಹೂಂ, ನಾನೇ," ಎಂದು ಅಕ್ಕ ತನ್ನ ಎರಡೂ ಕೈಯನ್ನು ಕೋಟಿನ ಜೇಬಿನೊಳಗೆ ತುರುಕಿಕೊಂಡಳು.