ಸುಗ್ಗಿಯ ಮೇಜಿನ ಮೇಲೆ ಬೀಡಿ ಕಟ್ಟು

ನನ್ನ ಅವ್ವ ನಿಪ್ಪಾಣಿಯಲ್ಲಿ ಬೀಡಿ ಕಟ್ಟುತ್ತಾಳೆ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು, ಟೆಂಪೊ ಓಡಿಸುತ್ತೇನೆ. ಬರೆಯುವುದು ನನ್ನ ಕೆಲಸವಲ್ಲ. ಆದರೆ ಅವ್ವ ಚರ್ಚಿಗೆ ಹೋಗುವುದನ್ನು ಯಾಕೆ ಬಿಟ್ಟಳು ಅಂತ ಮಂದಿ ಏನೇನೋ ಹೇಳುತ್ತಾರೆ. ನಡೆದದ್ದು ಇಷ್ಟೇ.

ಅಪ್ಪ ಸತ್ತ ಮೇಲೆ ಅವ್ವ ಊಟ ಬಿಟ್ಟಿದ್ದಳು. ದವಾಖಾನೆಯಲ್ಲಿ ಒಬ್ಬ ನರ್ಸ್ ಸಲೈನ್ ಹಚ್ಚಿ, ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದಳು. ಸಂಜೆ ಅವ್ವ ಅರ್ಧ ರೊಟ್ಟಿ ತಿಂದಳು. ಅವತ್ತಿನಿಂದ ಯೇಸು ಅವಳ ದೇವರು. ನರ್ಸ್ ತನ್ನ ಚರ್ಚಿಗೆ ಕರೆದುಕೊಂಡು ಹೋದಳು, ಆಮೇಲೆ ಬೇರೆ ಊರಿಗೆ ವರ್ಗವಾಗಿ ಹೋದಳು. ಅವ್ವ ಒಬ್ಬಳೇ ಹೋಗತೊಡಗಿದಳು. ನಾನು ಬಿಟ್ಟು ಬರುತ್ತಿದ್ದೆ. ಬಾಡಿಗೆ ಇಲ್ಲದ ದಿನ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ನನಗೆ ಆ ದೇವರೂ ಅಷ್ಟೇ, ಈ ದೇವರೂ ಅಷ್ಟೇ.

ಚರ್ಚು ಹಳೆಯದು, ಮಂದಿ ಕಡಿಮೆ. ಇದ್ದವರೆಲ್ಲ ಒಬ್ಬರಿಗೊಬ್ಬರು ಬೀಗರು. ಹಾಡು, ಬೋಧನೆ ಎಲ್ಲ ಮರಾಠಿ. ಅವ್ವನದು ರಾಯಬಾಗದ ಕಡೆಯ ಕನ್ನಡ. ಅವಳಿಗೆ ಸಂತೆಯ ಮರಾಠಿ ಬರುತ್ತದೆ, ದೇವರ ಮರಾಠಿ ಬರುವುದಿಲ್ಲ. ಒಂದು ಹಾಡನ್ನಾದರೂ ಕನ್ನಡದಲ್ಲಿ ಹಾಡೋಣವೇ ಅಂತ ಒಮ್ಮೆ ಕೇಳಿದಳು. ಕಮಿಟಿಯ ಹಿರಿಯ, ರಿಟೈರ್ ಆದ ಮಾಸ್ತರ, ನಕ್ಕರು.

"ಅಜ್ಜ ಮುತ್ತಜ್ಜನ ಕಾಲದಿಂದ ಹಿಂಗ ನಡದೈತಿ, ಅಕ್ಕಾರ. ನಮಗ ಹಿಂಗ ಇದ್ರ ಚಲೋ ಅನಸ್ತೈತಿ."

ಬೈದದ್ದೇನೂ ಅಲ್ಲ. ಅಲ್ಲಿ ಯಾರೂ ಬೈಯುತ್ತಿರಲಿಲ್ಲ. ಬೀಡಿ ಕಟ್ಟುವವರ ಮೈಯಿಂದ ತಂಬಾಕಿನ ವಾಸನೆ ಹೋಗುವುದಿಲ್ಲ, ಎಷ್ಟು ಸಾಬೂನು ಹಚ್ಚಿದರೂ. ಪಕ್ಕದ ಹೆಂಗಸರು ಸೆರಗು ಮೂಗಿಗೆ ಹಿಡಿದು ಸ್ವಲ್ಪ ಸರಿದು ಕೂರುತ್ತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಅಂಗಳದಲ್ಲಿ ಚಹಾ ಕುಡಿಯುತ್ತ ಮಿರಜದ ಮದುವೆ, ಸಾಂಗಲಿಯ ಕೂಸು ಅಂತ ಮಾತಾಡುತ್ತಿದ್ದರು. ಅವ್ವ ಕಪ್ಪು ಹಿಡಿದು ನಿಂತು ಕೇಳುತ್ತಿದ್ದಳು.

ಅವಳಿಗೆ ಬೇಕಾಗಿದ್ದದ್ದು ಒಂದೇ, ದೀಕ್ಷಾಸ್ನಾನ. ನೀರಲ್ಲಿ ಮುಳುಗಿಸಿದರೆ ತಾನು ಅವರವಳಾಗುತ್ತೇನೆ ಅಂತ ನಂಬಿದ್ದಳು. ಪಾಸ್ಟರ್ ನನ್ನ ವಯಸ್ಸಿನ ಹುಡುಗ, ಒಳ್ಳೆಯವನು, ಪುಕ್ಕಲ. ಕೇಳಿದಾಗೆಲ್ಲ "ಕಮಿಟಿ ಕುಂದರಬೇಕ್ರಿ ಅವ್ವಾರ" ಅನ್ನುತ್ತಿದ್ದ. ಹೊಸಬರನ್ನು ಸೇರಿಸಿಕೊಂಡರೆ ಊರಲ್ಲಿ ಗಲಾಟೆ ಆಗುತ್ತದೆ, ಈಗ ಕಾಲ ಸರಿಯಿಲ್ಲ ಅಂತ ಕಮಿಟಿ ಹೇಳುತ್ತಿತ್ತಂತೆ. ಎರಡು ವರ್ಷ ಹೀಗೇ ಹೋಯಿತು.

ಆಮೇಲೆ ಸುಗ್ಗಿಯ ಹಬ್ಬ ಬಂತು. ಆ ಭಾನುವಾರ ಎಲ್ಲರೂ ತಮ್ಮ ಬೆಳೆಯ ಮೊದಲ ಪಾಲು ತಂದು ಮುಂದಿನ ಮೇಜಿನ ಮೇಲೆ ಇಡಬೇಕು. ಹೊಲ ಇಲ್ಲದವರು ತಮ್ಮ ಕೈ ದುಡಿದದ್ದನ್ನು ತರಲಿ ಅಂತ ಪಾಸ್ಟರ್ ಹಿಂದಿನ ವಾರವೇ ಹೇಳಿದ್ದ. ಅಲ್ಲಿ ಹೊಲ ಇದ್ದವರು ಕಡಿಮೆ, ನೌಕರಿಯವರೇ ಹೆಚ್ಚು. ಎಲ್ಲರೂ ಸಂತೆಯಿಂದ ಕುಂಬಳಕಾಯಿ, ಪಪ್ಪಾಯಿ ಕೊಂಡು ತರುವುದು ರೂಢಿ.

"ನಾನೂ ಒಂದ ಕುಂಬಳಕಾಯಿ ತರ್ತೀನಿ ಬಿಡ" ಅಂದೆ.

"ಕೊಂಡಿದ್ದು ನನ್ನ ಕೈದ ಹೆಂಗ ಆಗತೈತ್ಲೇ? ದೇವ್ರಿಗೆ ಗೊತ್ತಾಗಂಗಿಲ್ಲೇನು?"

ಶನಿವಾರ ಮಧ್ಯಾಹ್ನ ಕೈ ತೊಳೆದು, ಮೊರ ಒರೆಸಿ ಕೂತಳು. ತೂತಿಲ್ಲದ ಎಲೆಗಳನ್ನೇ ಆರಿಸಿ ಕತ್ತರಿಸಿದಳು. ಒಂದು ಕಟ್ಟು ಬೀಡಿ ಕಟ್ಟಿ, ಅಪ್ಪನ ಬಿಳಿ ಟವೆಲ್ಲಿನಲ್ಲಿ ಸುತ್ತಿಟ್ಟಳು. ಅಲ್ಲಿ ಏನಾಗಬಹುದು ಅಂತ ನನಗೆ ಗೊತ್ತಿತ್ತು. ಹೇಳಿದೆ. ಅವಳು ಕೇಳಲಿಲ್ಲ.

ಮರುದಿನ ಸಾಲಾಗಿ ಎಲ್ಲರೂ ಮೇಜಿಗೆ ಹೋದರು. ಕಬ್ಬು ನಿಲ್ಲಿಸಿದ್ದರು, ದ್ರಾಕ್ಷಿ ತಟ್ಟೆ ಇತ್ತು, ಯಾರೋ ಕೇಕ್ ಇಟ್ಟಿದ್ದರು. ಅವ್ವ ದ್ರಾಕ್ಷಿಯ ಪಕ್ಕ ಟವೆಲ್ ಬಿಚ್ಚಿ, ಬೀಡಿ ಕಟ್ಟನ್ನು ಇಟ್ಟು ಕೈ ಮುಗಿದಳು. ಮೊದಲು ಒಂದು ಕೂಸು "ಬೀಡಿ, ಬೀಡಿ!" ಅಂತ ಕೂಗಿತು. ಹಿಂದೆ ನಿಂತಿದ್ದ ಹುಡುಗರು ನಕ್ಕರು. ಒಬ್ಬ "ಪಾಸ್ಟರ್, ಕಡ್ಡಿಪೆಟ್ಟಿಗಿ ಯಾರ ತಂದಾರ?" ಅಂದ. ಪಾಸ್ಟರ್ ತಲೆ ಎತ್ತಲಿಲ್ಲ. ಮಾಸ್ತರ ಎದ್ದು ಬಂದು, ಕಟ್ಟನ್ನು ಎರಡು ಬೆರಳಲ್ಲಿ ಎತ್ತಿ ಅವ್ವನ ಕೈಗೆ ಕೊಟ್ಟು, ಬಾಗಿಲ ಹತ್ತಿರ ನಿಂತಿದ್ದ ನನ್ನನ್ನು ಕರೆದರು.

"ಏ ತಮ್ಮಾ, ಇದೇನಿದು? ನಿಮ್ಮವ್ವಗ ಒಂದೀಟ ತಿಳಿಸಿ ಹೇಳಬಾರದ?"

"ಕೈಯಾಗಿನ ಕೆಲಸ ತರ್ರಿ ಅಂದ್ರಂತ. ಆಕಿದು ಇದ ಕೆಲಸ ರೀ."

"ತಂಬಾಕು ಪಾಪದ್ದು. ದೇವರ ಮುಂದ ಇಡಾಕ ಬರ್ತೈತೇನು?"

"ನಿಪ್ಪಾಣ್ಯಾಗ ಕುಂತು ತಂಬಾಕು ಪಾಪ ಅಂತೀರಲ್ರಿ ಸರ. ಅರ್ಧಾ ಊರ ಅದರ ಮ್ಯಾಲ ಉಣತೈತಿ."

"ಹೊರಗ ಹೋಗಿ ಮಾತಾಡೂಣ ನಡಿ" ಅಂದರು, ಮೆಲ್ಲಗೆ, ನಗುತ್ತಲೇ.

ಅವ್ವ ಬೀಡಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತನ್ನ ಜಾಗಕ್ಕೆ ಹೋಗಿ ಕೂತಳು. ಪೂರ್ತಿ ಮುಗಿಯುವವರೆಗೆ ಕೂತಿದ್ದಳು. ಅಳಲಿಲ್ಲ. ಅವತ್ತು ಚಹಾ ಮಾತ್ರ ಕುಡಿಯಲಿಲ್ಲ.

ಬುಧವಾರ ಪಾಸ್ಟರ್ ಗಾಡಿ ಹತ್ತಿ ನಮ್ಮ ಮನೆಗೆ ಬಂದ. ಎರಡು ವರ್ಷದಲ್ಲಿ ಮೊದಲ ಸಲ. ಅವ್ವ ಮೊರ ಸರಿಸಿ ಚಾಪೆ ಹಾಸಿದಳು. ಅವನು ಸುಮಾರು ಹೊತ್ತು ಮಳೆ, ಬಿಸಿಲು ಅಂದ. ಆಮೇಲೆ ಹೇಳಿದ.

"ಕಮಿಟಿ ಕುಂತಿತ್ರಿ ಅವ್ವಾರ. ನೀವು ಮೊದಲ ಬೀಡಿ ಬಿಡಬೇಕು, ಆಮ್ಯಾಲ ದೀಕ್ಷಾಸ್ನಾನದ್ದ ನೋಡೂಣ ಅಂತಾರ."

"ನಾ ಸೇದಂಗಿಲ್ರಿ. ಕಟ್ಟತೀನಿ."

"ಕಟ್ಟೂದೂ ಬ್ಯಾಡ ಅಂತಾರ್ರಿ."

"ಬಿಟ್ಟರ ಏನ ಮಾಡ್ಲಿ? ಅವರ ಮನ್ಯಾಗ ಭಾಂಡೆ ತಿಕ್ಕಾಕ ಕರೀತಾರೇನು? ನನ್ನ ವಾಸನಿಗೆ ಅದೂ ಕರ್ಯಂಗಿಲ್ಲ."

ಪಾಸ್ಟರ್ ಚಾಪೆಯ ಎಳೆ ಕೀಳುತ್ತ ಕೂತ. "ದೀಕ್ಷಾಸ್ನಾನ ಇರಲಿ ಬಿಡ್ರಿ. ನೀವು ಬಂದ ಕುಂದರ್ರಿ. ಯಾರೂ ಬ್ಯಾಡ ಅನ್ನಂಗಿಲ್ಲ."

"ಎರಡ ವರ್ಷ ಕುಂತೀನಲ್ರಿ" ಅಂದಳು ಅವ್ವ. "ಬರೇ ಕುಂದರಾಕ ನಮ್ಮನ್ಯಾಗೂ ಜಾಗ ಐತ್ರಿ."

ಪಾಸ್ಟರ್ ಚಾಪೆಯ ಎಳೆ ಬಿಟ್ಟ. ಪ್ರಾರ್ಥನೆ ಮಾಡಲೇ ಅಂತ ಕೇಳಿದ. ಕನ್ನಡದಲ್ಲಿ ಮಾಡಿದರೆ ಮಾಡ್ರಿ ಅಂದಳು. ತಡವರಿಸುತ್ತ ಮಾಡಿದ, ನಡುನಡುವೆ ಮರಾಠಿ ಬಂತು. ಅವ್ವ "ಆಮೆನ್" ಅಂದು, ಮೊರ ತೊಡೆಯ ಮೇಲೆ ಎಳೆದುಕೊಂಡಳು.

ಅವಳು ಮತ್ತೆ ಹೋಗಲಿಲ್ಲ. ಯಾಕೆ ಬರಲಿಲ್ಲ ಅಂತ ಯಾರೂ ಕೇಳಲೂ ಇಲ್ಲ. ಒಂದು ಸಲ ಬಸ್ ಸ್ಟ್ಯಾಂಡಿನಲ್ಲಿ ಮಾಸ್ತರ ಸಿಕ್ಕರು. "ಅವ್ವ ಆರಾಮ ಅದಾಳಿಲ್ಲೋ ತಮ್ಮಾ?" ಅಂತ ಪ್ರೀತಿಯಿಂದಲೇ ಕೇಳಿದರು. ಅದಾಳ್ರಿ ಅಂದೆ. ಅವರು ಕೆಟ್ಟವರಲ್ಲ. ಕದ ತೆಗೆದರೆ ಗಾಳಿ ಬರುತ್ತದೆ ಅಂತ ಹಾಕಿಕೊಂಡು ಕೂತವರು, ಅಷ್ಟೇ.

ಅವ್ವ ಈಗಲೂ ಊಟಕ್ಕೆ ಮುಂಚೆ ಕಣ್ಣು ಮುಚ್ಚುತ್ತಾಳೆ. ಮೊನ್ನೆ ಜೊತೆಗೆ ಬೀಡಿ ಕಟ್ಟುವ ಪಕ್ಕದ ಮನೆಯವಳು ನೋಡಿ ಕೆಣಕಿದಳು.

"ಏನ ಬೇ, ನೀ ಕಿರಿಸ್ತಾನ ಆದಿಯೋ ಇಲ್ಲೋ, ಒಂದ ಹೇಳ ನೋಡೂಣು?"

"ನನಗೇನ ಗೊತ್ತ ಬೇ" ಅಂದಳು ಅವ್ವ, ದಾರ ಹಲ್ಲಿನಿಂದ ಕಡಿಯುತ್ತ. "ಕಮಿಟಿ ಇನ್ನೂ ಎದ್ದಿಲ್ಲ."