ಸಾಬಣ್ಣನ ಕೂಗು

ದೇವದುರ್ಗದ ಕಡೆಯ ಕುರಿಗಾಹಿ ಸಾಬಣ್ಣ ತೋಳಗಳನ್ನು ಬಿಟ್ಟರೆ ಬೇರೆ ಯಾರೊಂದಿಗೂ ಜಗಳವಾಡಿದವನಲ್ಲ. ಆದರೂ ರಾಯಚೂರು ಕೋಟೆಯ ಹಳೆಯ ಯುದ್ಧದ ಮೇಲೆ ಕಂಪ್ಯೂಟರ್ ಆಟ ಕಟ್ಟುವವರು ಬಂದು, ಅವನು ಕುರಿ ಕರೆಯುವ ಕೂಗನ್ನು ರೆಕಾರ್ಡ್ ಮಾಡಿಕೊಂಡು ಹೋದರು. ಆಟದೊಳಗಿನ ಕುರಿಗಾಹಿಗಳಿಗೆ ಅದೇ ದನಿಯಂತೆ. ಆಟ ಬಿಡುಗಡೆಯಾಗುವ ಮೊದಲೇ ಸಾಬಣ್ಣ ತೀರಿಕೊಂಡ.

"ನಿಮ್ಮಪ್ಪನ ಆಟ ಯಾವಾಗ ಬರ್ತದವ್ವಾ?" ಎಂದು ಹೆಂಡತಿ ಬೂದೆಮ್ಮ ಮಗಳನ್ನು ದಿನಾ ಕೇಳುತ್ತಿದ್ದಳು.

ಒಂದು ಸಂಜೆ ಮಗಳು ಫೋನ್ ಹಿಡಿದು ಬಂದಳು. "ಮುಂದಿನ ವಾರ ಬರ್ತದಂತ. ಟ್ರೇಲರ್ ಬಿಟ್ಟಾರ, ನೋಡ ಬೇ."

ಫೋನಿನೊಳಗೆ ಕತ್ತಿಗಳ ಸದ್ದಿನ ನಡುವೆ ಸಾಬಣ್ಣ ಕೂಗಿದ. ದೊಡ್ಡಿಯಲ್ಲಿ ಮಲಗಿದ್ದ ಕುರಿಗಳೆಲ್ಲ ಒಮ್ಮೆಲೇ ಎದ್ದವು. ಬಾಗಿಲಿಗೆ ಒತ್ತಿ ನಿಂತು, ಅವನು ಬರುತ್ತಿದ್ದ ದಾರಿಯನ್ನೇ ನೋಡುತ್ತ ಒದರತೊಡಗಿದವು. ಕತ್ತಲಾದರೂ ಕದಲಲಿಲ್ಲ.

"ಆಟ ಬ್ಯಾಡವ್ವಾ," ಎಂದಳು ಬೂದೆಮ್ಮ. "ನಿಮ್ಮಪ್ಪ ಹೋಗ್ಯಾನಂತ ನನಗ ಗೊತ್ತದ. ಇವಕ್ಕ ಯಾರು ಹೇಳೋರು?"